ಮರಕ್ಕೊಂದು ಬೋರ್ಡು

ನಾನು ಲಾಲ್‌ಬಾಗಿಗೆ ಹೋಗಲು ಶುರುಮಾಡಿದ್ದು ಸಸ್ಯಪ್ರೇಮದಿಂದಲ್ಲ, ಡಾಕ್ಟರ ಕಾಟದಿಂದ. ಸಕ್ಕರೆ ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ, ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೀರಿ ಅಂದರು. ನಡೆದೆ. ಆದರೆ ಬಿರುಸಾಗಿ ನಡೆಯಲು ಆ ಬೋರ್ಡುಗಳು ಬಿಡಬೇಕಲ್ಲ! ಮರ ಕಂಡಲ್ಲಿ ಬೋರ್ಡು, ಬೋರ್ಡು ಕಂಡಲ್ಲಿ ನಾನು. ಲ್ಯಾಟಿನ್ ಹೆಸರು, ಕುಟುಂಬ, ಕೆಲವಕ್ಕೆ ಹುಟ್ಟೂರು. ನನ್ನ ಜತೆ ಗೇಟು ದಾಟಿದವರು ಕೆರೆ ಸುತ್ತಿ, ನಗೆಕ್ಲಬ್ಬಿನ ನಗು ನಕ್ಕು, ಹೊರಗೆ ಇಡ್ಲಿಗೆ ಕ್ಯೂ ನಿಂತಿರುವ ಹೊತ್ತಿಗೆ ನಾನಿನ್ನೂ ನಾಗಲಿಂಗದ ಮರದ ಹತ್ತಿರವೇ ಇರುತ್ತಿದ್ದೆ.

ಹೋದ ವರ್ಷ ತಿಪಟೂರು ಕಡೆಯಿಂದ ದೊಡ್ಡಮ್ಮ ಬಂದಿದ್ದಳು. ಅವಳನ್ನೂ ಕರೆದುಕೊಂಡು ಹೋದೆ. ನಾಲ್ಕು ಮರ ದಾಟಿದ ಮೇಲೆ ನಿಂತಳು.

“ಇದೇನ್ಲಾ ಮಗ, ಮರಕ್ಕೂ ಆಧಾರ್ ಕಾರ್ಡು ಮಾಡ್ಸವ್ರಾ?”

ನಗು ತಡೆದುಕೊಂಡು, ನನಗೆ ತಿಳಿದಷ್ಟು ಪಾಂಡಿತ್ಯ ತೋರಿಸಿದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೊಂದು ಮರದ ಕೆಳಗೂ ಬಗ್ಗಿ ಎಲೆ ಹೆಕ್ಕಿದಳು, ಉಜ್ಜಿದಳು, ಮೂಸಿದಳು. “ಹೊಂಗೆ.” “ಇದು ಬಿದ್ರೆ ಸೌದೆಗಾಯ್ತದೆ, ತೊಲೆಗಾಗಲ್ಲ.” ಬೋರ್ಡಿನಲ್ಲಿ ಬರೆಯದೇ ಇದ್ದದ್ದೆಲ್ಲ ಅವಳ ಬಾಯಲ್ಲಿತ್ತು.

ನಾಗಲಿಂಗದ ಹತ್ತಿರ ಮಾತ್ರ ಕೈಮುಗಿದಳು. ಕೊಂಬೆಯಲ್ಲಿ ಬಿಡದೆ ಬುಡದಿಂದಲೇ, ಕಾಂಡಕ್ಕೆ ಜೋತುಬಿದ್ದ ಗೊಂಚಲುಗಳಲ್ಲಿ ಹೂ. ಒಂದನ್ನು ಎತ್ತಿ ನೋಡಿದರೆ ನಡುವೆ ಪುಟ್ಟ ಲಿಂಗ, ಅದರ ಮೇಲೆ ಬಾಗಿದ ಹೆಡೆಯಂತೆ ಕೇಸರಗಳು. ಶಿವನ ಸ್ವಂತ ಮರ ಅಂತ ಯಾರಿಗೂ ಅನ್ನಿಸಬೇಕು. ಬೋರ್ಡು ಮಾತ್ರ ಬೇರೆ ಹೇಳುತ್ತದೆ: ಊರು ದಕ್ಷಿಣ ಅಮೆರಿಕ. ಇಂಗ್ಲಿಷರು ಹೂವಿನ ಕಡೆ ನೋಡಲೇ ಇಲ್ಲ, ಉರುಟು ಕಾಯಿ ನೋಡಿ ಫಿರಂಗಿ ಗುಂಡಿನ ಮರ ಅಂದರು. ಅವರವರಿಗೆ ಅವರವರ ಕಸುಬು ಕಾಣುತ್ತದೆ. ಆ ಕಾಯಿ ಬಿದ್ದು ಒಡೆದಾಗ ಬರುವ ನಾತಕ್ಕೆ ಮಾತ್ರ ಎರಡು ಕಡೆಯವರೂ ಒಂದೇ ರೀತಿ ಮೂಗು ಮುಚ್ಚುತ್ತಾರೆ.

ಬೋರ್ಡುಗಳ ವಿಷಯಕ್ಕೆ ಬಂದರೆ, ಹುಡುಗನಾಗಿದ್ದಾಗ ನನಗೊಂದು ಅನುಮಾನವಿತ್ತು. ಮರ ಬೆಳೆದಂತೆಲ್ಲ ಬೋರ್ಡೂ ಮೇಲೆ ಹೋಗಬೇಕಲ್ಲ, ಆಮೇಲೆ ಏಣಿ ಹಾಕಿ ಓದಬೇಕಾ? ಇಲ್ಲವಂತೆ. ಮರ ಎತ್ತರವಾಗುವುದು ತುದಿಯಲ್ಲಿ ಮಾತ್ರ. ಕೆಳಗಿನ ಕಾಂಡ ದಪ್ಪವಾಗುತ್ತದೆ, ಏರುವುದಿಲ್ಲ. ಎದೆ ಮಟ್ಟಕ್ಕೆ ಹೊಡೆದ ಮೊಳೆ ಮೂವತ್ತು ವರ್ಷವಾದರೂ ಎದೆ ಮಟ್ಟಕ್ಕೇ ಇರುತ್ತದೆ, ತೊಗಟೆ ಮಾತ್ರ ಅದನ್ನು ನಿಧಾನಕ್ಕೆ ನುಂಗುತ್ತಾ ಬರುತ್ತದೆ. ಚಾಕುವಿನಲ್ಲಿ ಹೆಸರು ಕೆತ್ತಿ ಹೋಗುವ ಪ್ರೇಮಿಗಳಿಗೂ ಇದೇ ನಿಯಮ. ಅಕ್ಷರಗಳು ಅಗಲವಾಗುತ್ತವೆ, ಮೇಲೇರುವುದಿಲ್ಲ. ಅವರು ಮದುವೆಯಾದರೋ ಇಲ್ಲವೋ, ಮರ ಗಾಯ ಹೊತ್ತು ನಿಂತಿರುತ್ತದೆ.

ಈ ತೋಟವೇ ಪರದೇಶಿಗಳ ಛತ್ರ. 1760ರಲ್ಲಿ ಹೈದರಾಲಿ ಶುರುಮಾಡಿದ, ಟಿಪ್ಪು ಹೊರದೇಶಗಳಿಂದ ಬೀಜ, ಸಸಿ ತರಿಸಿದ. 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದ ಮೇಲೆ ಹಡಗುಗಳಲ್ಲಿ ಇನ್ನಷ್ಟು ಬಂದವು. ನಮ್ಮ ರಸ್ತೆಗಳ ಗುಲ್‌ಮೊಹರ್ ಮಡಗಾಸ್ಕರಿನದು, ಮಳೆಮರ ಅಮೆರಿಕ ಖಂಡದ್ದು. ಒಂದು ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳಬೇಕು, ವರ್ಷವಿಡೀ ಊರಿಗೆ ಬಣ್ಣವಿರಬೇಕು ಎಂದು ಲೆಕ್ಕಹಾಕಿ ನೆಡಿಸಿದ ಕ್ರುಂಬಿಗಲ್ ಸಹ ಹೊರಗಿನವರೇ, ಜರ್ಮನಿಯವರು. 1908ರಲ್ಲಿ ಬರೋಡದಿಂದ ಇಲ್ಲಿಗೆ ಬಂದವರು. ಮಹಾಯುದ್ಧ ಬಂದಾಗ ಶತ್ರುದೇಶದವನೆಂದು ಬ್ರಿಟಿಷರು ಅವರನ್ನು ಹಿಡಿದು ಕೂಡಿಹಾಕಿದರು. ಅವರು ಸಾಕಿದ ಪರದೇಶಿ ಮರಗಳನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ. 1956ರಲ್ಲಿ ತೀರಿಕೊಂಡ ಅವರು ಬೆಂಗಳೂರಿನ ಮಣ್ಣಿನಲ್ಲೇ ಇದ್ದಾರೆ.

ಹಾಗೆ ನೋಡಿದರೆ ಇಲ್ಲಿ ಅಪ್ಪಟ ಸ್ಥಳೀಯ ಅಂತ ಎದೆತಟ್ಟಿ ಹೇಳಬಹುದಾದದ್ದು ಕೆಂಪೇಗೌಡರ ಗೋಪುರ ಹೊತ್ತ ಆ ಬಂಡೆ. ಸುಮಾರು 300 ಕೋಟಿ ವರ್ಷದಿಂದ ಇಲ್ಲೇ ಇದೆ. ದೊಡ್ಡಮ್ಮನಿಗೆ ಹೇಳಿದೆ. “ಹಂಗಾರೆ ಕೂತ್ಕಳವಾ” ಅಂದಳು. ಕೂತು ಕಡಲೆಕಾಯಿ ಬಿಡಿಸಿದೆವು.

ಹೊರಗಿಂದ ಬಂದದ್ದಕ್ಕೆಲ್ಲ ನಮ್ಮಲ್ಲಿ ಒಂದು ಮುದ್ರೆ ಇದೆ: ಸೀಮೆ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು, ಸೀಮೆಹುಣಸೆ. ವಿಲಾಯಿತಿ ಅಂತ ಗೊತ್ತಾದರೆ ಸಾಕು, ಯಾವ ವಿಲಾಯಿತಿ ಅಂತ ಕೇಳುವವರಿಲ್ಲ. ಸೀಮೆಬದನೆಯ ಕಥೆಯೂ ಇದೇ. ಬದನೆಗೂ ಅದಕ್ಕೂ ದೂರದ ನೆಂಟಸ್ತಿಕೆಯೂ ಇಲ್ಲ, ಅದು ಸೌತೆ, ಕುಂಬಳದ ಮನೆತನ. ಹುಟ್ಟೂರು ಮೆಕ್ಸಿಕೊ ಕಡೆ. ಬೆಂಗಳೂರಿಗೆ ತಂದದ್ದು 1874ರಿಂದ 1908ರವರೆಗೆ ಲಾಲ್‌ಬಾಗ್ ನೋಡಿಕೊಂಡ ಜಾನ್ ಕ್ಯಾಮರಾನ್ ಅಂತ ಹೇಳುತ್ತಾರೆ. ಗಾಜಿನ ಮನೆ ಎದ್ದದ್ದೂ ಅವರ ಕಾಲದಲ್ಲೇ. ಫೋಟೋ ತೆಗೆಸಿಕೊಳ್ಳುವವರಿಗೆ ಗಾಜಿನ ಮನೆ ದೊಡ್ಡದು. ನನ್ನ ಲೆಕ್ಕದಲ್ಲಿ ಸೀಮೆಬದನೆಯೇ ದೊಡ್ಡದು, ಸಾಂಬಾರಿಗೆ ಬೀಳುತ್ತದೆ. ತಮಿಳರಂತೂ ಅದನ್ನು ಬೆಂಗಳೂರು ಕತ್ತರಿಕಾಯಿ ಅಂದುಬಿಟ್ಟರು. ಹೊಸೂರು ದಾಟುವಷ್ಟರಲ್ಲಿ ಮೆಕ್ಸಿಕೊದ ಕಾಯಿ ನಮ್ಮೂರಿನದಾಯಿತು!

ವಾಪಸು ಬರುವಾಗ ದೊಡ್ಡಮ್ಮ ತರಕಾರಿ ಅಂಗಡಿಯಲ್ಲಿ ಸೀಮೆಬದನೆ ಆರಿಸಿದಳು. ನಾನು ಎಳೆಯದು ಹುಡುಕುತ್ತಿದ್ದರೆ ಅವಳ ಕೈಯಲ್ಲಿ ಬಲಿತು ಸುಕ್ಕಾದದ್ದು. ತುದಿಯ ಸೀಳು ಬಾಯಿಬಿಟ್ಟು, ಒಳಗಿಂದ ಹಸಿರು ಮೊಳಕೆ ನಾಲಿಗೆಯಂತೆ ಇಣುಕುತ್ತಿತ್ತು. ಇದರ ಹೊಟ್ಟೆಯಲ್ಲಿರುವುದು ಒಂದೇ ಬೀಜ, ಅದು ಹೊರಗೆ ಬರದೆ ಕಾಯೊಳಗೇ ಮೊಳೆಯುತ್ತದೆ. ಹಾಗಾಗಿ ಕಾಯಿಯನ್ನೇ ಇಡಿಯಾಗಿ ನೆಡಬೇಕು. ಅಂಗಡಿಯವನು ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ, ಬಿಸಾಡೋದೇ ಇತ್ತು ಅಂದ.

ಬಾಲ್ಕನಿಯ ಹಳೇ ಪೇಂಟ್ ಡಬ್ಬಿಯಲ್ಲಿ ಕಾಯನ್ನು ಓರೆಯಾಗಿ ಮಲಗಿಸಿ, ಅರ್ಧ ಮಣ್ಣು ಮುಚ್ಚಿ ಊರಿಗೆ ಹೋದಳು. ಈಗ ಬಳ್ಳಿ ನಮ್ಮ ಗ್ರಿಲ್ಲು ಮುಗಿಸಿ, ಮೇಲಿನ ಮನೆಯವರ ಬಟ್ಟೆ ಒಣಗಿಸುವ ತಂತಿ ಹಿಡಿದಿದೆ. ಕಾಯಿ ಬಿಟ್ಟರೆ ಯಾರದು ಅಂತ ಅವರು ಕೇಳಿದ್ದಾರೆ. ದೊಡ್ಡಮ್ಮನಿಗೆ ಫೋನು ಮಾಡಿದೆ.

“ಒಂದು ಬೋರ್ಡು ಹಾಕು” ಅಂದಳು.