ಹೊಳೆ ಬಲ್ಲವರಿಗೂ ಕಡಲು ಹೊಸದು

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಶರಾವತಿಯನ್ನು ಚಿಕ್ಕ ಮಕ್ಕಳೂ ದಾಟಬಲ್ಲರು. ಶ್ರೀರಾಮ ಬಾಣ ಬಿಟ್ಟು ಇಲ್ಲಿ ನೀರು ಚಿಮ್ಮಿಸಿದನೆಂಬುದು ಸ್ಥಳಪುರಾಣ. ನದಿಯ ಹೆಸರಿನಲ್ಲೇ ಶರವಿದೆ. ಹೊಸನಗರ ಸೀಮೆಯನ್ನು ಹಾದು, ಸಾಗರ ತಾಲ್ಲೂಕಿನಲ್ಲಿ 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟೆಯ ಹಿಂದೆ ಹಿನ್ನೀರಾಗಿ ಹರಡಿ, ಜೋಗದಲ್ಲಿ 253 ಮೀಟರ್ ಆಳಕ್ಕೆ ಧುಮುಕಿ, ಹೊನ್ನಾವರದ ಬಳಿ ಈ ನದಿ ಕಡಲು ಸೇರುತ್ತದೆ. ಒಟ್ಟು ಸುಮಾರು 128 ಕಿಲೋಮೀಟರುಗಳ ಪಯಣ.

ರಜೆ ಬಂತೆಂದರೆ ಈ ಮೂರು ತಾಲ್ಲೂಕುಗಳ ಜನರದೂ ಅದೇ ದಿಕ್ಕು. ಘಟ್ಟ ಇಳಿದರೆ ಕಡಲು. ಹೊಸನಗರ ತಾಲ್ಲೂಕಿನ ಕೊಡಚಾದ್ರಿಯ ನೆತ್ತಿಯ ಎತ್ತರ 1,343 ಮೀಟರ್. ಮೋಡವಿಲ್ಲದ ಸಂಜೆ ಅಲ್ಲಿಂದ ಅರಬ್ಬೀ ಸಮುದ್ರ ಬೆಳ್ಳಿಯ ಗೆರೆಯಂತೆ ಕಾಣುತ್ತದೆ. ಬೈಂದೂರಿನ ಕರಾವಳಿ ಅಲ್ಲಿಂದ ಹಕ್ಕಿ ಹಾರುವ ದಾರಿಯಲ್ಲಿ 30 ಕಿಲೋಮೀಟರಿಗಿಂತ ಹೆಚ್ಚಿಲ್ಲ. ತೀರ್ಥಹಳ್ಳಿಯವರಿಗೆ ಆಗುಂಬೆಯ ಸೂರ್ಯಾಸ್ತದ ಕಟ್ಟೆಯಿದೆ. ಹೀಗೆ ದೂರದಿಂದ ಕಂಡ ಕಡಲಿನ ಒಳಗೇನಿದೆ ಎಂಬ ಕುತೂಹಲ ಮಕ್ಕಳಿಗೆ ಸಹಜ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗೆ ಇಳಿದುದನ್ನು ಕಂಡ ಮೇಲಂತೂ ಆ ಆಸೆ ಇಮ್ಮಡಿಯಾಗಿದೆ.

ಆದರೆ ತುಂಗೆಯಲ್ಲೋ ಶರಾವತಿಯಲ್ಲೋ ಈಜು ಕಲಿತ ಹುಡುಗ ಕಡಲಿನ ಬಂಡೆಯ ಮೇಲೆ ನಿಂತಾಗ ಅವನ ಕಲಿಕೆ ಅರ್ಧ ಮಾತ್ರ ನೆರವಿಗೆ ಬರುತ್ತದೆ. ಉಳಿದರ್ಧವನ್ನು ಅವನು ಹೊಸದಾಗಿ ಕಲಿಯಬೇಕು.

ಬಂಡೆಗಳ ಸಾಲು

ಉಡುಪಿ, ಉತ್ತರ ಕನ್ನಡ ಜಿಲ್ಲೆಗಳ ಕರಾವಳಿ ಬರೀ ಮರಳಿನದಲ್ಲ. ಬೈಂದೂರಿನ ಒತ್ತಿನೆಣೆ ಗುಡ್ಡ ಕಡಲಿನವರೆಗೂ ಚಾಚಿಕೊಂಡಿದೆ. ಕೆಳಗೆ ಸೋಮೇಶ್ವರದ ತೀರದಲ್ಲಿ ಕರಿಬಂಡೆಗಳು. ಮುರ್ಡೇಶ್ವರದ ಕಂದುಕಗಿರಿಗೆ ಮೂರು ಕಡೆಯೂ ನೀರು. ಹೊನ್ನಾವರದ ಬಳಿಯ ಅಪ್ಸರಕೊಂಡದಲ್ಲಿ ಗುಡ್ಡ, ಜಲಪಾತ, ಕಡಲು ಒಂದೇ ನೋಟಕ್ಕೆ ಸಿಗುತ್ತವೆ. ಇನ್ನೂ ಉತ್ತರಕ್ಕೆ ಗೋಕರ್ಣದ ಓಂ ಕಡಲತೀರದಲ್ಲಿ ಬಂಡೆಗಳು ನೀರನ್ನು ಬಾಗಿಸಿ ಓಂಕಾರದ ಆಕಾರ ಕೊಟ್ಟಿವೆ.

ಮುಖವಾಡ, ಉಸಿರುಕೊಳವೆ ಧರಿಸಿ ಇಂಥ ಬಂಡೆಯಂಚಿನಿಂದ ನೇರವಾಗಿ ನೀರಿಗೆ ಇಳಿದು ಒಳಗಿನ ಲೋಕ ನೋಡುವುದು ಹಲವು ದೇಶಗಳಲ್ಲಿ ದೊಡ್ಡ ಹವ್ಯಾಸ. ಇಲ್ಲಿ ಅದು ವಿರಳ. ಅದಕ್ಕೆ ಕಾರಣ ಘಟ್ಟದ ಮೇಲೆಯೇ ಇದೆ. ಮಳೆಗಾಲದಲ್ಲಿ ಹೊಸನಗರದ ಹುಲಿಕಲ್, ತೀರ್ಥಹಳ್ಳಿಯ ಆಗುಂಬೆಯಂಥ ಊರುಗಳಲ್ಲಿ ಸುರಿಯುವ ಮಳೆ ನಾಡಿನಲ್ಲೇ ಅತಿ ಹೆಚ್ಚು ಎನಿಸಿಕೊಂಡದ್ದು. ಘಟ್ಟದ ಪಶ್ಚಿಮದ ಹೊಳೆಗಳೆಲ್ಲ ಕೆಮ್ಮಣ್ಣು ಹೊತ್ತು ಕಡಲಿಗೆ ಬೀಳುತ್ತವೆ. ಮಳೆ ನಿಂತ ಮೇಲೂ ಅಲೆಗಳು ತಳದ ಮಣ್ಣನ್ನು ಕದಡುತ್ತಲೇ ಇರುತ್ತವೆ. ದಡದ ಬಳಿ ಎಷ್ಟೋ ದಿನ ತನ್ನ ಕೈ ತನಗೇ ಕಾಣದು.

ಹವಳಕ್ಕೆ ಬೇಕಾದುದು ತಿಳಿಯಾದ ಉಪ್ಪುನೀರು ಮತ್ತು ಬೆಳಕು. ಅದು ಸಿಗುವುದು ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿ ದ್ವೀಪದ ಸುತ್ತ, ಹೊಳೆಯ ಕೆಸರು ತಲುಪದ ಜಾಗದಲ್ಲಿ. ಈ ಕರಾವಳಿಯಲ್ಲಿ ಮುಳುಗುವವರು ದೋಣಿಯೇರಿ ಅಲ್ಲಿಗೆ ಹೋಗುವುದು ಅದಕ್ಕಾಗಿಯೇ. ಗಿಳಿಮೀನು, ಚಿಟ್ಟೆಮೀನುಗಳ ಹಿಂಡು, ಬಂಡೆಯ ಬಿರುಕಿನಿಂದ ಇಣುಕುವ ಹಾವುಮೀನು ಅಲ್ಲಿನ ನೋಟ. ಹವಳವನ್ನು ಮುರಿದು ತರುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.

ನೀರನ್ನು ಓದುವುದು

ಹಾಗಾದರೆ ದಡದ ಬಂಡೆಗಳ ಬಳಿ ಹೊಸ ತಾಣ ಹುಡುಕುವುದು ವ್ಯರ್ಥವೇ? ಹಾಗೇನಿಲ್ಲ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಗಾಳಿ ತಗ್ಗಿದ ಬೆಳಗುಗಳಲ್ಲಿ ಕೆಲವೆಡೆ ನೀರು ತಿಳಿಯಾಗುವುದುಂಟು. ಆದರೆ ತಾಣ ಹುಡುಕುವ ಕೆಲಸ ಮೊದಲು ನಡೆಯಬೇಕಾದುದು ನೀರಿನ ಹೊರಗೆ.

ಅನುಭವಿ ಮುಳುಗುಗಾರರು ಎತ್ತರದ ಜಾಗದಲ್ಲಿ ಕುಳಿತು ಅರ್ಧ ಗಂಟೆಯಾದರೂ ಅಲೆಗಳನ್ನು ನೋಡುತ್ತಾರೆ. ಅಲೆಗಳು ಒಂದೇ ಸಮನೆ ಬರುವುದಿಲ್ಲ. ಸಣ್ಣವು ಹಲವು ಬಂದ ಮೇಲೆ ದೊಡ್ಡವು ನಾಲ್ಕಾರು ಒಟ್ಟಿಗೆ ಬರುತ್ತವೆ. ಐದು ನಿಮಿಷ ನೋಡಿ ಇಳಿದವನಿಗೆ ಆ ದೊಡ್ಡ ಅಲೆಗಳ ಸುಳಿವೇ ಇರುವುದಿಲ್ಲ. ಎರಡನೆಯದಾಗಿ, ಇಳಿಯುವ ಜಾಗಕ್ಕಿಂತ ಮೊದಲು ಹತ್ತುವ ಜಾಗ ಗೊತ್ತಾಗಬೇಕು. ಇಳಿಯುವಾಗ ಹಾರಿದರೂ ಆದೀತು, ಹತ್ತುವಾಗ ಪಾಚಿಗಟ್ಟಿದ ಬಂಡೆ ಕೈಗೆ ಸಿಗದು. ಅಂಟಿಕೊಂಡ ಸಿಂಪಿಗಳು ಚರ್ಮ ಸೀಳುತ್ತವೆ.

ಮೂರನೆಯದು ಸೆಳೆತ. ದಡಕ್ಕೆ ಬಂದ ಅಲೆಗಳ ನೀರು ಎಲ್ಲಾದರೂ ಹಿಂದಕ್ಕೆ ಹೋಗಲೇಬೇಕು. ಬಂಡೆಯ ಮಗ್ಗುಲಲ್ಲಿ ಅದು ಓಣಿ ಮಾಡಿಕೊಂಡು ರಭಸದಿಂದ ಹೊರಗೆ ಹರಿಯುತ್ತದೆ. ವಿಚಿತ್ರವೆಂದರೆ, ನೊರೆಯೆದ್ದ ಅಲೆಗಳ ನಡುವೆ ಈ ಓಣಿಯೇ ಶಾಂತವಾಗಿ, ಕಪ್ಪಾಗಿ ಕಾಣುವುದು! ಈಜು ಬಾರದವರು ‘ಇಲ್ಲಿ ಅಲೆಯಿಲ್ಲ’ ಎಂದು ಇಳಿಯುವುದೂ ಅಲ್ಲೇ. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಹೋರಾಡಿದರೆ ಬೇಗ ಸೋಲುತ್ತಾರೆ. ಗಾಬರಿಯಾಗದೆ ತೇಲುತ್ತ, ಕೈಯೆತ್ತಿ ಕೂಗಿ, ದಡಕ್ಕೆ ಸಮಾನಾಂತರವಾಗಿ ಬಂಡೆಯಿಂದ ದೂರ ಈಜಿ ಓಣಿಯಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು.

2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಪ್ರಾಣ ಕಳೆದುಕೊಂಡರು. ಆ ಮಕ್ಕಳು ಸಾಹಸಕ್ಕೆ ಹೊರಟವರಲ್ಲ, ಕಡಲು ನೋಡಲು ಬಂದವರು. ನೀರನ್ನು ಓದುವ ಪಾಠ ಮುಳುಗುಗಾರರಿಗಷ್ಟೇ ಅಲ್ಲ, ಪ್ರವಾಸದ ಬಸ್ಸು ಹತ್ತುವ ಪ್ರತಿ ಮಗುವಿಗೂ, ಅದರ ಜೊತೆ ಹೋಗುವ ಹಿರಿಯರಿಗೂ ಬೇಕು ಎನ್ನಲು ಇದಕ್ಕಿಂತ ಬೇರೆ ಕಾರಣ ಬೇಡ.

ಪಠ್ಯಪುಸ್ತಕ ಕಡಲಿಗಿಳಿದಾಗ

ಒಂಬತ್ತು, ಹತ್ತನೆಯ ತರಗತಿಯ ಭೌತವಿಜ್ಞಾನ ಇಲ್ಲಿ ಜೀವ ಉಳಿಸುವ ವಿದ್ಯೆ. ಬೆಳಕಿನ ವಕ್ರೀಭವನದಿಂದ ನೀರಿನ ತಳ ಇದ್ದುದಕ್ಕಿಂತ ಮೇಲೆ ಕಾಣುತ್ತದೆ. ಮೇಲಿನಿಂದ ನೇರ ನೋಡಿದರೆ ಆರು ಅಡಿ ಎನಿಸುವ ಗುಂಡಿ ನಿಜಕ್ಕೂ ಎಂಟು ಅಡಿ. ಓರೆಯಾಗಿ ನೋಡಿದರೆ ಮೋಸ ಇನ್ನೂ ಹೆಚ್ಚು. ತುಂಗೆಯ ಮಡುವಿಗೂ ಕಡಲಿಗೂ ಈ ನಿಯಮ ಒಂದೇ.

ನೀರಿನಲ್ಲಿ ಪ್ರತಿ ಹತ್ತು ಮೀಟರ್ ಆಳಕ್ಕೆ ಒಂದು ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಹತ್ತು ಮೀಟರ್ ಕೆಳಗೆ ಸಿಲಿಂಡರಿನಿಂದ ಶ್ವಾಸಕೋಶ ತುಂಬಿಕೊಂಡ ಗಾಳಿ ಮೇಲೆ ಬರುವಾಗ ಇಮ್ಮಡಿ ಹಿಗ್ಗುತ್ತದೆ. ಇದು ಬಾಯ್ಲನ ನಿಯಮ. ಸ್ಕೂಬಾದಲ್ಲಿ ಉಸಿರು ಕಟ್ಟಿ ಮೇಲೇರಬಾರದೆಂಬ ಮೊದಲ ಪಾಠ ಹುಟ್ಟಿದ್ದು ಇದರಿಂದಲೇ.

ಮಲೆನಾಡಿನವರು ವಿಶೇಷವಾಗಿ ನೆನಪಿಡಬೇಕಾದ ಸಂಗತಿ ಇನ್ನೊಂದಿದೆ. ಆಳದಲ್ಲಿ ಉಸಿರಾಡುವಾಗ ರಕ್ತದಲ್ಲಿ ಹೆಚ್ಚು ಸಾರಜನಕ ಕರಗುತ್ತದೆ. ಅದು ನಿಧಾನವಾಗಿ ಹೊರಹೋಗಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿಗಳು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿವೆ. ಅಲ್ಲಿ ಗಾಳಿಯ ಒತ್ತಡ ಶೇಕಡಾ 7ರಷ್ಟು ಕಡಿಮೆ. ಬೆಳಗ್ಗೆ ನೇತ್ರಾಣಿಯಲ್ಲಿ ಮುಳುಗಿ ಸಂಜೆಯೇ ಘಟ್ಟ ಹತ್ತಿದರೆ ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಗುಳ್ಳೆಗಳೇಳುವ ಸಾಧ್ಯತೆ ಉಂಟು. ಆಳ ಕಡಿಮೆಯಿದ್ದರೆ ಅಪಾಯವೂ ಕಡಿಮೆಯೇ. ಆದರೂ ಆ ರಾತ್ರಿ ಕರಾವಳಿಯಲ್ಲೇ ತಂಗುವುದು ಜಾಣತನ.

ಮೊಣಕಾಲುದ್ದದ ಕಡಲು

ಮಕ್ಕಳ ಮೊದಲ ತಾಣ ಯಾವುದಾಗಬೇಕು? ಮುಳುಗುವ ಅಗತ್ಯವೇ ಇಲ್ಲದ ತಾಣ. ಇಳಿತದ ಹೊತ್ತಿನಲ್ಲಿ ಬಂಡೆಗಳ ನಡುವೆ ನೀರು ನಿಂತು ಪುಟ್ಟ ಹೊಂಡಗಳಾಗುತ್ತವೆ. ಬೇರೆಯವರ ಚಿಪ್ಪನ್ನು ಬಾಡಿಗೆಗೆ ಹಿಡಿದ ಸನ್ಯಾಸಿ ಏಡಿ, ಹೂವಿನಂತೆ ಅರಳಿ ಮುಟ್ಟಿದರೆ ಮುದುಡುವ ಪ್ರಾಣಿ, ಬಂಡೆಯಿಂದ ಬಂಡೆಗೆ ಜಿಗಿಯುವ ಮೀನು ಅಲ್ಲೇ ಕಾಣಸಿಗುತ್ತವೆ. ಮುಳ್ಳುಚೆಂಡಿನಂಥ ಜೀವಿಯ ಮೇಲೆ ಕಾಲಿಡದಂತೆ ಗಟ್ಟಿ ತಳದ ಚಪ್ಪಲಿ ಇರಲಿ. ನೋಡಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳಬಹುದು, ಹಿಡಿದು ತರುವುದು ಬೇಡ.

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡ. ಇಳಿತಕ್ಕೆ ಒಂದು ಗಂಟೆ ಮೊದಲು ಹೋಗಿ, ನೀರು ಏರತೊಡಗಿದೊಡನೆ ದಡ ಸೇರಬೇಕು. ಹೊತ್ತನ್ನು ಪಂಚಾಂಗಕ್ಕಿಂತ ಸ್ಥಳೀಯ ಮೀನುಗಾರರಲ್ಲಿ ಕೇಳುವುದು ಮೇಲು. ಅವರು ‘ಇವತ್ತು ಬೇಡ ಮಾರಾಯ್ರೆ’ ಎಂದರೆ ಅದೇ ಕೊನೆಯ ಮಾತು.

ಹೋಗುವುದು ಹೇಗೆ?

ಸಾಗರದಿಂದ ಜೋಗ, ಗೇರುಸೊಪ್ಪೆ ದಾರಿಯಾಗಿ ಹೊನ್ನಾವರ. ಅಲ್ಲಿಂದ ದಕ್ಷಿಣಕ್ಕೆ ಮುರ್ಡೇಶ್ವರ. ಹೊಸನಗರದವರಿಗೆ ನಗರ, ಕೊಲ್ಲೂರು ಮೂಲಕ ಬೈಂದೂರು ಹತ್ತಿರ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದರೆ ಉಡುಪಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರಿಗಿಳಿಯುವ ಮಾತೇ ಬೇಡ. ನೇತ್ರಾಣಿಗೆ ಹೋಗುವುದಾದರೆ ತರಬೇತಾದ ಮಾರ್ಗದರ್ಶಕರ ಜೊತೆಗೇ ಹೋಗಬೇಕು. ಸಾಮಾನ್ಯವಾಗಿ 10 ವರ್ಷಕ್ಕಿಂತ ಚಿಕ್ಕವರನ್ನು ಸ್ಕೂಬಾಕ್ಕೆ ಇಳಿಸುವುದಿಲ್ಲ. ಶೀತ, ಕಿವಿನೋವು, ಉಬ್ಬಸ ಇದ್ದರೆ ಮಗು ಎಷ್ಟೇ ಹಠ ಹಿಡಿದರೂ ಆ ದಿನ ದಡದಲ್ಲೇ ಉಳಿಯಲಿ. ಮುಂದಿನ ರಜೆಗೂ ಕಡಲು ಅಲ್ಲೇ ಇರುತ್ತದೆ.