ಉಳಿದವರಿಗೆ ಕಲ್ಲಿಲ್ಲ

ಶಾಸನಶಾಸ್ತ್ರದ ಪಾಠವನ್ನು ತರಗತಿಯ ಕೋಣೆಯಲ್ಲಿ ಮಾಡುವುದಕ್ಕಿಂತ ಶಾಸನದ ಎದುರು ನಿಂತು ಮಾಡುವುದು ಲೇಸೆಂದು ನಂಬಿದವನು ನಾನು. ಕಳೆದ ವರ್ಷ ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ದಿನದ ಸುತ್ತಾಟಕ್ಕೆ ಹೊರಟೆ. ಯುದ್ಧದಲ್ಲಿ ಮಡಿದವರನ್ನು ನೆನೆಯುವ ಬಗೆಗಳನ್ನು ಹೋಲಿಸಿ ನೋಡುವುದು ಉದ್ದೇಶ. ಹಾಗಾಗಿ ಮೊದಲು ಹೋದದ್ದು ಚರ್ಚಿಗೆ. ಕೊನೆಗೆ ತಲುಪಿದ್ದು ಹೆಬ್ಬಾಳದ ವೀರಗಲ್ಲಿಗೆ.

ಮಹಾತ್ಮ ಗಾಂಧಿ ರಸ್ತೆಯ ಪೂರ್ವದ ತುದಿಯಲ್ಲಿರುವ ಹೋಲಿ ಟ್ರಿನಿಟಿ ಚರ್ಚನ್ನು 19ನೆಯ ಶತಮಾನದ ನಡುಭಾಗದಲ್ಲಿ ದಂಡಿನ ಬ್ರಿಟಿಷ್ ಸೈನಿಕರಿಗಾಗಿ ಕಟ್ಟಿದರು. ಅದರ ಗೋಡೆಗಳ ಮೇಲೆ ಸೈನಿಕರ ಸ್ಮರಣಫಲಕಗಳಿವೆ. ಅವುಗಳ ಎದುರು ನಿಂತು ಇಂಗ್ಲೆಂಡಿನ ಊರೂರಿನ ಚರ್ಚುಗಳಲ್ಲಿರುವ ಬಣ್ಣದ ಗಾಜಿನ ಯುದ್ಧಸ್ಮಾರಕ ಕಿಟಕಿಗಳ ವಿಷಯವನ್ನು ಹೇಳಿದೆ. ಲೋಹದ ಭಸ್ಮಗಳಿಂದ ಬಣ್ಣ ಪಡೆದ ಗಾಜಿನ ಚೂರುಗಳನ್ನು ಸೀಸದ ಪಟ್ಟಿಗಳಿಂದ ಬೆಸೆದು ಈ ಚಿತ್ರಗಳನ್ನು ಕಟ್ಟುತ್ತಾರೆ. ನೀಲಿಗೆ ಕೋಬಾಲ್ಟ್, ಕೆಂಪಿಗೆ ತಾಮ್ರ ಅಥವಾ ಚಿನ್ನ. 1914-18ರ ಮಹಾಯುದ್ಧದ ಬಳಿಕ ಇಂಥವು ನೂರಾರು ಬಂದವು. ಅದಕ್ಕೊಂದು ಕಾರಣವಿತ್ತು: ಮಡಿದವರ ದೇಹಗಳನ್ನು ತಾಯ್ನಾಡಿಗೆ ತರಲು ಬ್ರಿಟಿಷ್ ಸರ್ಕಾರ ಅವಕಾಶ ಕೊಡಲಿಲ್ಲ. ಗೋರಿಯಿಲ್ಲದ ಮನೆಯವರಿಗೆ ಊರಿನ ಚರ್ಚಿನ ಕಿಟಕಿಯೇ ಗೋರಿಯಾಯಿತು. ಮೇಲೆ ಕವಚ ತೊಟ್ಟ ಸಂತ ಜಾರ್ಜ್ ಅಥವಾ ದೇವದೂತ ಮೈಕೇಲ್. ಕೆಳಗೆ ಸತ್ತ ಹುಡುಗನ ಹೆಸರು.

ದೇಹ ದೂರದಲ್ಲಿ, ಹೆಸರು ಊರಿನಲ್ಲಿ ಎಂಬ ಈ ಸ್ಥಿತಿ ನಮಗೂ ಹೊಸದಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಲ್ಯಾನ್ಸರ್ಸ್ ಒಂದು. ಅದರ ಸ್ಮಾರಕ ಜೆ.ಸಿ. ನಗರದಲ್ಲಿದೆ. ಹೆಬ್ಬಾಳಕ್ಕೆ ಹೋಗುವಾಗ ಅಲ್ಲಿಯೂ ಸ್ವಲ್ಪ ಹೊತ್ತು ನಿಂತೆವು.

ಹೆಬ್ಬಾಳದ ಕಲ್ಲಿನ ಮುಂದೆ ನಾನು ಮೊದಲು ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕಾಯಿತು. ಯಲಹಂಕದಿಂದ ಕಾಲೇಜಿಗೆ ಹೋಗಿಬರುತ್ತ ಎರಡು ದಶಕಗಳ ಕಾಲ ಈ ಊರನ್ನು ದಾಟಿದವನು ನಾನು. ಬೆಂಗಳೂರಿನ ವೀರಗಲ್ಲು ಎಂದೊಡನೆ ಬೇಗೂರಿನ ಚಿತ್ರವನ್ನೇ ತೋರಿಸುತ್ತಿದ್ದೆ. 2018ರಲ್ಲಿ ಚರಂಡಿಯ ಕೆಲಸಕ್ಕೆ ನೆಲ ಅಗೆದಾಗ ಕಿತ್ತಯ್ಯನ ಕಲ್ಲು ಬೆಳಕಿಗೆ ಬಂತು. ಸುಮಾರು ಕ್ರಿ.ಶ. 750ರದು, ಗಂಗ ದೊರೆ ಶ್ರೀಪುರುಷನ ಆಳ್ವಿಕೆಯದು, ಬೆಂಗಳೂರಿನಲ್ಲಿ ಈವರೆಗೆ ದೊರೆತ ಕನ್ನಡ ಶಾಸನಗಳಲ್ಲಿ ಅತಿ ಹಳೆಯದೆಂದು ಗುರುತಿಸಲಾಗಿದೆ. ಅದರಲ್ಲಿ ಬರುವ ಪೆರ್ಬೊಳಲ್ ಎಂಬ ಹೆಸರೇ ಇಂದಿನ ಹೆಬ್ಬಾಳ: 'ಪೆರ್' ಎಂದರೆ ಹಿರಿದು, 'ಪೊೞಲ್' ಎಂದರೆ ಪಟ್ಟಣ. ರಟ್ಟರೊಡನೆ ನಡೆದ ಕಾಳಗದಲ್ಲಿ ಕಾದಿ ಕಿತ್ತಯ್ಯ ಇಂದ್ರಲೋಕಕ್ಕೆ ಏರಿದನೆಂಬುದು ಶಾಸನದ ತಿರುಳು.

ಗಾಜಿನ ಕಿಟಕಿಗೂ ವೀರಗಲ್ಲಿಗೂ ಇರುವ ಸಾಮ್ಯವನ್ನು ನಾನು ವಿವರಿಸತೊಡಗಿದೆ. ಮುಂದಿನ ಶತಮಾನಗಳ ವೀರಗಲ್ಲುಗಳಲ್ಲಿ ಅಂತಸ್ತುಗಳು ಏರ್ಪಟ್ಟವು: ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ ಅಥವಾ ಜಿನಸನ್ನಿಧಿ. ಎರಡು ಕಲೆಗಳೂ ನೋಡುವವನ ಕಣ್ಣನ್ನು ರಕ್ತದ ನೆಲದಿಂದ ಮೇಲಕ್ಕೆ ಎತ್ತುತ್ತವೆ ಎಂದೆ.

ಆಗ ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಕೇಳಿದಳು: "ಸರ್, ಕಿತ್ತಯ್ಯ ಇಂದ್ರಲೋಕಕ್ಕೆ ಹೋದ. ಅವನ ಮನೆಯವರು ಎಲ್ಲಿಗೆ ಹೋದರು?"

ಯಾರೋ ನಕ್ಕರು. ಅವಳು ನಗಲಿಲ್ಲ. ಅವಳ ತಂದೆ ಸೈನಿಕರಾಗಿದ್ದು, ಅವಳು ಚಿಕ್ಕವಳಿದ್ದಾಗಲೇ ತೀರಿಕೊಂಡರೆಂಬುದು ನನಗೆ ತಿಳಿದದ್ದು ಹಿಂದಿರುಗುವ ಬಸ್ಸಿನಲ್ಲಿ.

ಅಲ್ಲಿ ನಾನು ಕೊಟ್ಟ ಉತ್ತರ ಪಂಡಿತನ ಉತ್ತರವಾಗಿತ್ತು. ಹೆಣ್ಣುಮಕ್ಕಳನ್ನು ನಮ್ಮ ಕಲ್ಲುಗಳು ಮರೆತಿಲ್ಲವೆಂದೆ. ಶ್ರವಣಬೆಳಗೊಳದ ಸಾವಿಯಬ್ಬೆಯ ಕಲ್ಲನ್ನು ನೆನಪಿಸಿದೆ. 10ನೆಯ ಶತಮಾನದ್ದೆಂದು ಎಣಿಸಲಾಗುವ ಅದರಲ್ಲಿ, ಗಂಡನೊಡನೆ ಯುದ್ಧಕ್ಕೆ ಹೋಗಿ ಬಗೆಯೂರಿನಲ್ಲಿ ಮಡಿದ ಆ ಶ್ರಾವಕಿ ಕತ್ತಿ ಹಿಡಿದು ಕುದುರೆಯ ಮೇಲಿದ್ದಾಳೆ. ಚಿತೆಯೇರಿದವರಿಗೆ ಮಾಸ್ತಿಕಲ್ಲುಗಳಿವೆ, ಸಲ್ಲೇಖನದಿಂದ ದೇಹ ಬಿಟ್ಟವರಿಗೆ ನಿಸಿದಿಗಳಿವೆ ಎಂದೂ ಸೇರಿಸಿದೆ.

"ಇವರೆಲ್ಲ ಸತ್ತವರೇ ಅಲ್ಲವೇ ಸರ್?" ಎಂದಳು.

ಮಾತು ಮುಗಿಯಿತು. ಯುದ್ಧದಲ್ಲಿ ಸತ್ತ ಹೆಣ್ಣಿಗೆ ಕಲ್ಲಿದೆ, ಬೆಂಕಿಯಲ್ಲಿ ಸತ್ತವಳಿಗೂ ಇದೆ. ಸಾಯದೆ ಉಳಿದು, ಹೊಲ ಉತ್ತು, ಮಕ್ಕಳನ್ನು ಸಾಕಿದವಳಿಗೆ ಕಲ್ಲಿಲ್ಲ. ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವಾಗ ಅವನ ಹಿಂದೆ ಬಿಟ್ಟುಹೋದದ್ದೇನು ಎಂದು ಶಿಲ್ಪಿ ಕೆತ್ತುವುದಿಲ್ಲ. ಕಿಟಕಿಯ ಸಂತ ಜಾರ್ಜನೂ ಹಾಗೆಯೇ. ಮೂವತ್ತು ವರ್ಷ ವೀರಗಲ್ಲುಗಳನ್ನು ಓದಿದ ನನಗೆ ಈ ಗೈರುಹಾಜರಿ ಕಂಡಿರಲಿಲ್ಲ.

ಆದರೆ ಪೂರ್ತಿ ಗೈರುಹಾಜರಿಯೂ ಅಲ್ಲವೆಂದು ಆ ರಾತ್ರಿ ಎಪಿಗ್ರಾಫಿಯಾ ಕರ್ನಾಟಿಕದ 9ನೆಯ ಸಂಪುಟವನ್ನು ಬಿಚ್ಚಿ ಕುಳಿತಾಗ ಅನ್ನಿಸಿತು. ಎಷ್ಟೋ ವೀರಗಲ್ಲುಗಳ ಕೊನೆಗೆ ಕಲ್ಲನ್ನು ನಿಲ್ಲಿಸಿದವರು ಯಾರೆಂಬ ಮಾತು ಇರುತ್ತದೆ: ಮಗ, ತಮ್ಮ, ಕೆಲವೊಮ್ಮೆ ಹೆಂಡತಿ. ಇಂಗ್ಲೆಂಡಿನ ಎಷ್ಟೋ ಕಿಟಕಿಗಳ ಅಡಿಯಲ್ಲಿಯೂ ತಂದೆತಾಯಿಗಳ ಹೆಸರಿರುತ್ತದೆ. ಶಾಸನಪಾಠದಲ್ಲಿ ನಾವು ದೊರೆಯ ಹೆಸರನ್ನು, ತೇದಿಯನ್ನು, ಭಾಷಾರೂಪಗಳನ್ನು ಆಯ್ದುಕೊಂಡು ಈ ಕೊನೆಯ ಮಾತನ್ನು ರೂಢಿಯ ಮಾತೆಂದು ದಾಟಿಬಿಡುತ್ತೇವೆ. ಉಳಿದವರು ತಮ್ಮ ದುಃಖಕ್ಕೆ ರುಜು ಹಾಕಿದ್ದು ಅಲ್ಲಿಯೇ.

ಮುಂದಿನ ವಾರ ಆ ವಿದ್ಯಾರ್ಥಿನಿಗೆ ಸಂಪುಟವನ್ನು ಕೊಟ್ಟು, ಕಲ್ಲು ನಿಲ್ಲಿಸಿದವರ ಹೆಸರುಗಳನ್ನು ಮಾತ್ರ ಪಟ್ಟಿಮಾಡಲು ಹೇಳಿದೆ. ಅವಳ ಕಿರುಪ್ರಬಂಧಕ್ಕೆ ಅದೇ ವಿಷಯವಾಯಿತು. ಈಗ ನನ್ನ ತರಗತಿಯಲ್ಲಿ ವೀರಗಲ್ಲಿನ ಪಾಠ ಬಂದಾಗ, ದೊರೆಯ ಹೆಸರಿಗೆ ಮೊದಲು ನಿಲ್ಲಿಸಿದವರ ಹೆಸರನ್ನು ಹುಡುಕಿಸುತ್ತೇನೆ.