ಮೊಣಕಾಲು, ಉಂಗುರ, ಗಾಳಿ: ಕೆಲವು ಟಿಪ್ಪಣಿಗಳು

1
ಅಮೆರಿಕದ ಕೋಸ್ಟ್ ಗಾರ್ಡ್ ತಪಾಸಣೆಯ ಪ್ರಮಾಣಪತ್ರ ಇಲ್ಲದ ಸಣ್ಣ ದೋಣಿಯಲ್ಲಿ ಹಣ ಕೊಟ್ಟು ಬರುವ ಪ್ರಯಾಣಿಕರು ಆರು ಜನ ಮೀರುವಂತಿಲ್ಲ. ಅಂಥ ದೋಣಿ ನಡೆಸುವ ಪರವಾನಗಿಯನ್ನು ನಾವಿಕರು ‘ಸಿಕ್ಸ್ ಪ್ಯಾಕ್’ ಅನ್ನುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯಲ್ಲಿ ನಮ್ಮದು ಅಂಥ ಒಂದು ಹಾಯಿದೋಣಿ. ನಮ್ಮ ಆರು ಜನ: ಹುಡುಗ, ಹುಡುಗಿ, ಹುಡುಗನ ಆಫೀಸಿನ ಗೆಳೆಯ, ಗೆಳೆಯನ ಹೆಂಡತಿ, ಫೋಟೋ ತೆಗೆಯುವವಳು, ಅವಳ ಚೀಲ ಹಿಡಿದವನು. ಚೀಲ ಹಿಡಿದವನು ನಾನು. ಆರರಲ್ಲಿ ಐವರಿಗೆ ವಿಷಯ ಗೊತ್ತಿತ್ತು. ಕ್ಯಾಪ್ಟನ್‌ಗೂ ಅವನ ಖಲಾಸಿಗೂ ಗೊತ್ತಿತ್ತು.

2
ಫೋಟೋ ತೆಗೆಯುವವಳು ನನ್ನ ತಂಗಿಯ ಮಗಳು. ಹಾಸನದವಳು, ಮನೆ ಫ್ರೀಮಾಂಟ್‌ನಲ್ಲಿ. ಹಗಲು ಸಾಫ್ಟ್‌ವೇರ್, ಬಿಡುವಿನಲ್ಲಿ ಇದು. ಈ ಕೆಲಸಕ್ಕೆ ಇಲ್ಲಿ ಹೆಸರಿದೆ: ಪ್ರಪೋಸಲ್ ಫೋಟೋಗ್ರಫಿ. ದರಪಟ್ಟಿಯೂ ಇದೆ. ಅಡಗಿ ಕೂರುವುದಕ್ಕೆ ಬೇರೆ ದರ ಹಾಕುವುದಿಲ್ಲ. ಅದು ಒಳಗೇ ಸೇರಿರುತ್ತದೆ.

3
ಪಾರ್ಕಿನಲ್ಲಾದರೆ ಮರದ ಹಿಂದೆ ನಿಲ್ಲುತ್ತಾಳೆ. ಬೀಚಿನಲ್ಲಾದರೆ ಹಕ್ಕಿಯ ಫೋಟೋ ತೆಗೆಯುತ್ತಿರುವಂತೆ ನಟಿಸುತ್ತಾಳೆ. 12 ಮೀಟರ್ ಉದ್ದದ ದೋಣಿಯಲ್ಲಿ ಮರವಿಲ್ಲ. ಆದ್ದರಿಂದ ಒಂದು ಸುಳ್ಳು ಬೇಕು. ದೋಣಿ ಕಂಪನಿಯ ಜಾಹೀರಾತಿಗೆ ಫೋಟೋ ತೆಗೆಯಲು ಬಂದವರು ನಾವು. ನಾನು ಬೆಳಕಿನ ಸಹಾಯಕ. ನನ್ನ ಕೈಯಲ್ಲಿ ಬೆಳಕಿನ ಸಾಮಾನು ಯಾವುದೂ ಇರಲಿಲ್ಲ. ಯಾರೂ ಕೇಳಲಿಲ್ಲ.

4
ಹುಡುಗ ಮೈಸೂರಿನವನು, ಹುಡುಗಿ ಹುಬ್ಬಳ್ಳಿಯವಳು, ಇಬ್ಬರ ಆಫೀಸೂ ಸನಿವೇಲ್‌ನಲ್ಲಿ. ಎರಡೂ ಮನೆಯವರು ಒಪ್ಪಿ ಆಗಿದೆ. ಫೆಬ್ರವರಿಗೆ ಹುಬ್ಬಳ್ಳಿಯಲ್ಲಿ ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟಾಗಿದೆ. ಮಂಟಪ ಆರಿಸಿದವಳು ಹುಡುಗಿ. ಊಟದ ಹಾಲ್ ನೆಲಮಾಳಿಗೆಯಲ್ಲಿ ಇರಬಾರದು ಎಂದು ಹಟ ಹಿಡಿದವಳೂ ಅವಳೇ.

5
‘ಹಾಗಾದರೆ ಅವನು ಕೇಳುವುದು ಏನನ್ನು?’ ಎಂದೆ ಸೊಸೆಗೆ.
‘ಮದುವೆ ಆಗ್ತೀಯಾ ಅಂತ, ಮಾವ.’

6
ದಿನ ಗೊತ್ತು ಮಾಡಿದವರು ಮೈಸೂರಿನಲ್ಲಿರುವ ಹುಡುಗನ ತಾಯಿ. ಆಷಾಢ ಹುಟ್ಟುವ ಮೊದಲು ಆಗಬೇಕು ಎಂದಿದ್ದರು. ‘ಕೇಳೋದಷ್ಟೇ ಅಮ್ಮ’ ಎಂದನಂತೆ ಮಗ. ‘ಕೇಳೋದಾದ್ರೂ ಒಳ್ಳೇ ಹೊತ್ತಲ್ಲಿ ಕೇಳು’ ಎಂದರಂತೆ ತಾಯಿ.

7
ಹುಡುಗ ಮೊದಲು ಬುಕ್ ಮಾಡಿದ್ದು ಭಾನುವಾರದ ಸೂರ್ಯಾಸ್ತದ ಸವಾರಿ. ರಾಹುಕಾಲ ಹಗಲಿನ ಎಂಟನೇ ಒಂದು ಭಾಗ. ಭಾನುವಾರ ಅದು ಕೊನೆಯ ಭಾಗ. ನಮ್ಮ ಕ್ಯಾಲೆಂಡರಿನಲ್ಲಿ ಸಂಜೆ 4:30ರಿಂದ 6. ಜೂನ್ ಮೂರನೇ ವಾರದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಹಗಲು 14 ಗಂಟೆ ಮುಕ್ಕಾಲಿನಷ್ಟು. ಸೂರ್ಯ ಮುಳುಗುವುದು 8:35ರ ಸುಮಾರಿಗೆ. ಅಲ್ಲಿ ಲೆಕ್ಕ ಹಾಕಿದರೆ ರಾಹುಕಾಲ 6:45ರಿಂದ 8:35. ದೋಣಿ ಹೊರಡುವುದರಿಂದ ಹಿಡಿದು ಸೂರ್ಯ ಮುಳುಗುವವರೆಗೆ ಪೂರ್ತಿ ಅದರೊಳಗೆ.

8
ಶನಿವಾರ ಬೇಡವೇ ಬೇಡ. ಕೊನೆಗೆ ಶುಕ್ರವಾರ ಸಂಜೆ 7 ಎಂದಾಯಿತು. ಆಗ ಮೈಸೂರಿನಲ್ಲಿ ಶನಿವಾರ ಬೆಳಿಗ್ಗೆ 7:30.

9
ಸೊಸೆ ನೋಡುವುದು ಬೇರೆ ಪಂಚಾಂಗ. ಉಬ್ಬರ ಎಷ್ಟಕ್ಕೆ, ಇಳಿತ ಎಷ್ಟಕ್ಕೆ. ಪಶ್ಚಿಮದ ಗಾಳಿ ಒಳಗೆ ಬರುವಾಗ ಇಳಿತದ ನೀರು ಎದುರಾಗಿ ಹೊರಗೆ ಹರಿದರೆ ಅಲೆಗಳು ಗಿಡ್ಡವಾಗಿ, ಕಡಿದಾಗಿ ಏಳುತ್ತವೆ. ಆ ಅಲೆಯ ಮೇಲೆ ಯಾರೂ ಒಂದು ಕಾಲಿನ ಮೇಲೆ ನಿಲ್ಲಲಾರರು. ಆ ಶುಕ್ರವಾರ 7ಕ್ಕೆ ಉಬ್ಬರ ಇತ್ತು. ಎರಡು ಪಂಚಾಂಗಗಳೂ ಒಪ್ಪಿದವು.

10
ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಒಳನಾಡು ಕಾಯುತ್ತದೆ. ಕಾದ ಗಾಳಿ ಮೇಲಕ್ಕೇರುತ್ತದೆ. ಆ ಜಾಗ ತುಂಬಲು ಸಮುದ್ರದ ತಣ್ಣನೆ ಗಾಳಿ ಗೋಲ್ಡನ್ ಗೇಟ್ ಎಂಬ ಕಂಡಿಯಿಂದ ನುಗ್ಗುತ್ತದೆ. ಮಧ್ಯಾಹ್ನದ ಮೇಲೆ 20 ನಾಟ್, ಅಂದರೆ ಗಂಟೆಗೆ 37 ಕಿಲೋಮೀಟರ್, ಇಲ್ಲಿ ಸಾಮಾನ್ಯ. ಜೂನ್ ತಿಂಗಳಲ್ಲಿ ನಾನು ಸ್ವೆಟರ್ ಮೇಲೆ ಜಾಕೆಟ್ ಹಾಕಿದ್ದೆ. ಹುಡುಗಿ ತೋಳಿಲ್ಲದ ಉಡುಪು ಹಾಕಿದ್ದಳು.

11
ಮಂಜಿಗೆ ಈ ಊರಿನವರು ಕಾರ್ಲ್ ಎಂದು ಹೆಸರಿಟ್ಟಿದ್ದಾರೆ. 2010ರಲ್ಲಿ ಟ್ವಿಟರ್‌ನಲ್ಲಿ ಅದರ ಹೆಸರಿನ ಖಾತೆ ಶುರುವಾಯಿತು. ಕ್ಯಾಪ್ಟನ್ ಪಶ್ಚಿಮಕ್ಕೆ ನೋಡಿ, ‘ಕಾರ್ಲ್ ಬರ್ತಿದ್ದಾನೆ’ ಎಂದ. ಹುಡುಗಿ ಇನ್ನೊಬ್ಬ ಪ್ರಯಾಣಿಕ ಬರಬೇಕೇನೋ ಎಂದು ದಂಡೆಯ ಕಡೆ ತಿರುಗಿದಳು.

12
ದೋಣಿಯ ನಿಯಮಗಳು: ಕಪ್ಪು ಅಟ್ಟೆಯ ಚಪ್ಪಲಿ ಬೇಡ. ಎತ್ತರದ ಹಿಮ್ಮಡಿ ಬೇಡ. ಕೆಂಪು ವೈನ್ ಬೇಡ, ಬಿಳಿ ಆಗಬಹುದು. ಮೂರಕ್ಕೂ ಕಾರಣ ಒಂದೇ, ಡೆಕ್ಕಿನ ಮೇಲೆ ಕಲೆ ಅಥವಾ ಗೀರು ಬೀಳುತ್ತದೆ. ಮೊಣಕಾಲಿನ ಬಗ್ಗೆ ನಿಯಮವಿಲ್ಲ.

13
ನಾನೂ ಸೊಸೆಯೂ ಕನ್ನಡ ಬಾರದವರು ಎಂದು ಒಪ್ಪಂದವಾಗಿತ್ತು. ಹಿಂದಿಯಲ್ಲಿ ಮಾತಾಡಿಕೊಂಡೆವು. ನನ್ನ ಹಿಂದಿ ಹಾಸನದ್ದು. ಹುಡುಗಿ ನನ್ನ ಎದುರಿಗೇ ಹುಡುಗನಿಗೆ, ‘ಆ ಅಂಕಲ್‌ಗ ಥಂಡಿ ಹತ್ತೇದ ನೋಡು, ಪಾಪ’ ಎಂದಳು. ನಾನು ನೀರು ನೋಡುತ್ತ ನಿಂತೆ. ಸ್ವಲ್ಪ ಹೊತ್ತಿನ ಮೇಲೆ, ‘ಇಷ್ಟ್ ವಯಸ್ಸಾದಮ್ಯಾಗೂ ಇವ್ರನ್ನ ದುಡಿಸ್ತಾರಲ್ಲ’ ಎಂದಳು. ಮತ್ತೆ ನೀರು ನೋಡಿದೆ.

14
ಅವಳ ಉಗುರಿಗೆ ಹೊಸ ಬಣ್ಣವಿತ್ತು. ಹಿಂದಿನ ದಿನ ಗೆಳೆಯನ ಹೆಂಡತಿ ಕರೆದುಕೊಂಡು ಹೋಗಿ ಹಾಕಿಸಿದ್ದಳು. ಪ್ರಸ್ತಾಪಕ್ಕೆ ಮುಂಚೆ ಯಾರಾದರೂ ಉಗುರು ಮಾಡಿಸಿಕೊಡುವುದು ಇಲ್ಲಿ ಪದ್ಧತಿಯಾಗಿಬಿಟ್ಟಿದೆ, ಉಂಗುರದ ಫೋಟೋದಲ್ಲಿ ಉಗುರೂ ಬರುತ್ತದಲ್ಲ. ಈ ಪದ್ಧತಿ ಈ ಊರಿನ ಹುಡುಗಿಯರಿಗೆಲ್ಲ ಗೊತ್ತು ಎಂದಳು ಸೊಸೆ.

15
ಉಂಗುರದ ಡಬ್ಬಿ ಚಪ್ಪಟೆ. ಜೇಬು ಉಬ್ಬಿ ಕಾಣದಂತೆ ಈ ಕೆಲಸಕ್ಕೆಂದೇ ಅಂಥ ಡಬ್ಬಿ ಮಾರುತ್ತಾರೆ. ಹುಡುಗ ಐದು ನಿಮಿಷಕ್ಕೊಮ್ಮೆ ಜೇಬು ಮುಟ್ಟಿ ನೋಡುತ್ತಿದ್ದ.

16
ಗೋಲ್ಡನ್ ಗೇಟ್ ಸೇತುವೆಯ ಕೆಳಗೆ ನೀರಿನ ಆಳ 100 ಮೀಟರಿಗೂ ಹೆಚ್ಚು. ಚಿನ್ನ ನೀರಿಗಿಂತ 19 ಪಟ್ಟು ಭಾರ. ಹುಡುಗ ಉಂಗುರವನ್ನು ಡಬ್ಬಿಗೆ ನೈಲಾನ್ ದಾರದಿಂದ ಕಟ್ಟಿದ್ದ. ಬಿಚ್ಚಲು ಚಿಕ್ಕ ಕತ್ತರಿ ಬೇಕು. ಕತ್ತರಿ ನನ್ನ ಜೇಬಿನಲ್ಲಿತ್ತು.

17
ಪ್ರಸ್ತಾಪಕ್ಕೆ ವಜ್ರದ ಉಂಗುರವೇ ಆಗಬೇಕು ಎಂಬುದನ್ನು ಅಮೆರಿಕದಲ್ಲಿ ಬೇರೂರಿಸಿದ್ದು ಡಿ ಬೀರ್ಸ್ ಕಂಪನಿಯ ಜಾಹೀರಾತು. ವಜ್ರ ಶಾಶ್ವತ ಎಂಬರ್ಥದ ಅದರ ಹೆಸರಾಂತ ಸಾಲು 1947ರದು. ಬರೆದವಳು ಫ್ರಾನ್ಸಿಸ್ ಗೆರೆಟಿ. ಅವಳು ಕೊನೆಯವರೆಗೂ ಮದುವೆಯಾಗಲಿಲ್ಲ.

18
ಖಲಾಸಿ ಇಪ್ಪತ್ತರ ಆಸುಪಾಸಿನ ಹುಡುಗಿ. ದೋಣಿಯ ಮುಂಭಾಗದಲ್ಲಿ ಹಗ್ಗ ಬಿಗಿಯುವಾಗಲೆಲ್ಲ ಒಂದು ಮೊಣಕಾಲೂರುತ್ತಿದ್ದಳು. ಅಲ್ಲಾಡುವ ಡೆಕ್ಕಿನ ಮೇಲೆ ಕೆಲಸ ಮಾಡಲು ಅದೇ ಭದ್ರವಾದ ಭಂಗಿಯಂತೆ. ಅವಳು ಮೊಣಕಾಲೂರಿದಾಗಲೆಲ್ಲ ಸೊಸೆಯ ಬೆರಳು ಗುಂಡಿಯ ಮೇಲೆ ಹೋಗಿ ಹಿಂದಕ್ಕೆ ಬರುತ್ತಿತ್ತು.

19
ಒಂದು ಕೈ ದೋಣಿಗೆ, ಒಂದು ಕೈ ನಿನಗೆ ಎನ್ನುವುದು ನಾವಿಕರ ಬುದ್ಧಿಮಾತು. ಡಬ್ಬಿ ತೆರೆಯಲು ಎರಡು ಕೈ ಬೇಕು. ಕ್ಯಾಮೆರಾಕ್ಕೂ ಎರಡು ಕೈ. ಹುಡುಗನನ್ನು ಹಿಡಿದುಕೊಳ್ಳುವವರು ಯಾರೂ ಇಲ್ಲ. ಸೊಸೆ ಹಾಯಿಕಂಬಕ್ಕೆ ಬೆನ್ನು ಕೊಟ್ಟಳು. ಅವಳ ಸೊಂಟದ ಬೆಲ್ಟ್ ಹಿಡಿಯುವುದು ನನ್ನ ಕೆಲಸ. ಬೆಳಕಿನ ಸಹಾಯಕ ಮಾಡಿದ್ದು ಇದು.

20
ಸೇತುವೆ ಪಶ್ಚಿಮಕ್ಕಿದೆ. ಸಂಜೆಯ ಸೂರ್ಯನೂ ಅಲ್ಲಿಯೇ. ಹಿನ್ನೆಲೆಗೆ ಸೇತುವೆ ಬಂದರೆ ಮುಖ ಕಪ್ಪಾಗುತ್ತದೆ. ಮುಖಕ್ಕೆ ಬೆಳಕು ಬೇಕೆಂದರೆ ಸೇತುವೆ ಕ್ಯಾಮೆರಾದ ಬೆನ್ನ ಹಿಂದೆ ಹೋಗುತ್ತದೆ. ಫ್ಲ್ಯಾಶ್ ಹಾಕಿದರೆ ಎರಡೂ ಸಿಗುತ್ತವೆ, ಗುಟ್ಟು ಉಳಿಯುವುದಿಲ್ಲ. ಹುಡುಗ ಮುಂಚಿತವಾಗಿ ಬರೆದು ಕಳಿಸಿದ್ದ ಪಟ್ಟಿಯಲ್ಲಿ ಮೊದಲ ಸಾಲು ಸೇತುವೆ. ಎರಡನೆಯದು ಅವಳ ಮುಖ.

21
ಪಟ್ಟಿಯ ಮೂರನೆಯ ಸಾಲು: ಅಲ್ಕಟ್ರಾಜ್ ಬರಬಾರದು. ಆ ದ್ವೀಪ 1934ರಿಂದ 1963ರವರೆಗೆ ಫೆಡರಲ್ ಜೈಲಾಗಿತ್ತು. ದೋಣಿ ತಿರುಗಿದಾಗಲೆಲ್ಲ ಅದು ಎಲ್ಲಿಂದಲೋ ಬಂದು ಚೌಕಟ್ಟಿನಲ್ಲಿ ನಿಲ್ಲುತ್ತಿತ್ತು.

22
ಗಾಳಿಗೆ ಎದುರಾಗಿ ಹೋಗುವಾಗ ದೋಣಿಯ ವೇಗವೂ ಗಾಳಿಗೆ ಸೇರುತ್ತದೆ. ಗಾಳಿಯ ಜೊತೆಗೆ ಹಿಂದಿರುಗುವಾಗ ಕಳೆಯುತ್ತದೆ. ದೋಣಿ 6 ನಾಟ್ ವೇಗದಲ್ಲಿದ್ದರೆ 20 ನಾಟ್ ಗಾಳಿ ಮೈಗೆ 14 ಎನಿಸುತ್ತದೆ. ಸೇತುವೆಯ ಹತ್ತಿರ ಹೋಗಿ ದೋಣಿ ತಿರುಗಿಸಿದ ಕೂಡಲೇ ಎಲ್ಲರಿಗೂ ಗಾಳಿ ನಿಂತಂತೆ ಅನಿಸಿತು. ಹುಡುಗಿ, ‘ಎಷ್ಟ್ ಛಲೋ ಆತು’ ಎಂದಳು. ಕ್ಯಾಪ್ಟನ್ ಟೋಪಿ ಹಿಂದುಮುಂದಾಗಿ ಹಾಕಿಕೊಂಡ. ಅದು ಸನ್ನೆ.

23
ಹುಡುಗ ಮೊಣಕಾಲೂರಿದ. ಬಾಯಿ ಆಡಿಸಿದ. ನಮಗೂ ಅವನಿಗೂ ನಡುವೆ ಐದಾರು ಮೀಟರ್. ಹಾಯಿ ಬಡಿಯುತ್ತಿತ್ತು, ಹಗ್ಗ ಕಿರುಗುಟ್ಟುತ್ತಿತ್ತು. ಅವನು ಕೇಳಿದ್ದು ನಮ್ಮಲ್ಲಿ ಯಾರಿಗೂ ಕೇಳಿಸಲಿಲ್ಲ. ಯಾವ ಭಾಷೆಯಲ್ಲಿ ಕೇಳಿದ ಎಂಬುದೂ ತಿಳಿಯಲಿಲ್ಲ.

24
ಹುಡುಗಿ ಕೈಯನ್ನು ಬಾಯಿಗೆ ಒಯ್ದಳು. ಹೆಚ್ಚಿನವರು ಹಾಗೆಯೇ ಮಾಡುತ್ತಾರಂತೆ. ಎಷ್ಟೋ ಆಲ್ಬಮ್‌ಗಳಲ್ಲಿ ಆ ಕ್ಷಣದ ಮುಖ ಅರ್ಧವೇ ಕಾಣುತ್ತದೆ.

25
ಆಮೇಲೆ ತಲೆಯನ್ನು ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ ವಾಲಿಸಿದಳು. ಖಲಾಸಿಯ ಮುಖ ಬಿಳಿಚಿತು. ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, ‘ಆಗಲ್ಲ ಅಂದಳಾ?’ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಇಲ್ಲ ಎಂದು ಹೇಳಲು ನಾನೂ ತಲೆಯಾಡಿಸಿದೆ. ಅವಳಿಗೆ ಇನ್ನೂ ಗಾಬರಿಯಾಯಿತು.

26
ಈಗಿನ ಕ್ಯಾಮೆರಾ ಸೆಕೆಂಡಿಗೆ 20 ಚಿತ್ರ ತೆಗೆಯುತ್ತದೆ, ಸದ್ದಿಲ್ಲದೆ. ಒಂದರಲ್ಲಿ ಅವಳ ತಲೆ ಎಡಕ್ಕಿದೆ. ಹತ್ತು ಚಿತ್ರ ದಾಟಿದರೆ ಬಲಕ್ಕಿದೆ. ಎರಡರಲ್ಲಿ ಯಾವುದೊಂದನ್ನೇ ನೋಡಿದರೂ ಅವಳು ಒಪ್ಪಿದಳೋ ಇಲ್ಲವೋ ಹೇಳಲಾಗದು.

27
ಹತ್ತಿರ ಬಂದು ‘ಕತ್ತರಿ’ ಎಂದ ಹುಡುಗ. ನಾನು ಬೆಲ್ಟ್ ಬಿಡದೆ ಇನ್ನೊಂದು ಕೈಯಿಂದ ಕೊಟ್ಟೆ. ಜಾಹೀರಾತಿನವನ ಜೇಬಿನಿಂದ ಕತ್ತರಿ ಬಂದದ್ದು ಹುಡುಗಿಗೆ ವಿಚಿತ್ರ ಅನಿಸಲಿಲ್ಲ.

28
‘ಮಾವ, ಬೆಲ್ಟ್ ಬಿಡಿ’ ಎಂದಳು ಸೊಸೆ. ಹುಡುಗಿ ತಟ್ಟನೆ ತಿರುಗಿದಳು. ‘ಅಯ್ಯ, ನೀವು ಕನ್ನಡದವ್ರೇನ್ರಿ?’ ಇಡೀ ಸಂಜೆಯಲ್ಲಿ ಅವಳ ಮುಖದ ಮೇಲೆ ಬೆರಗು ಅಡ್ಡ ಕೈಯಿಲ್ಲದೆ ಕಂಡದ್ದು ಆಗ. ಸೊಸೆಯ ಕ್ಯಾಮೆರಾ ಕೆಳಗಿತ್ತು.

29
ಮುಖದ ಚಿತ್ರಗಳು ಬಂದಿದ್ದವು, ಸೇತುವೆ ಬಂದಿರಲಿಲ್ಲ. ಕ್ಯಾಪ್ಟನ್ ದೋಣಿಯನ್ನು ಇನ್ನೊಂದು ಮಗ್ಗುಲಿಗೆ ತಿರುಗಿಸಿದ. ಹುಡುಗ ಎರಡನೇ ಸಲ ಮೊಣಕಾಲೂರಿದ. ಈ ಸಲ ಯಾವ ಮೊಣಕಾಲು, ಡಬ್ಬಿಯ ಮುಚ್ಚಳ ಯಾವ ಕಡೆಗೆ ಎಂದು ಸೊಸೆ ಹೇಳಿಕೊಟ್ಟಳು. ಫ್ಲ್ಯಾಶ್ ಹಾಕಿದಳು. ಹುಡುಗಿಗೆ ಏನೂ ಹೇಳಿಕೊಡಲಿಲ್ಲ. ಅವಳು ಕೈಯನ್ನು ಬಾಯಿಗೆ ಒಯ್ದಳು.

30
ಅಷ್ಟು ಹೊತ್ತಿಗೆ ಕಾರ್ಲ್ ಬಂದಾಗಿತ್ತು. ಸೇತುವೆಯ ಗೋಪುರಗಳು ನೀರಿನಿಂದ 227 ಮೀಟರ್ ಎತ್ತರ. ಚಿತ್ರದಲ್ಲಿ ಅವುಗಳ ಬುಡ ಮಾತ್ರ ಇದೆ.

31
ಗೆಳೆಯನ ಹೆಂಡತಿ ಅಷ್ಟರಲ್ಲಿ ಮನೆಯವರ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದ್ದಳು. ಹುಡುಗಿ ತಾಯಿಗೆ ಫೋನ್ ಮಾಡಿ ಸುದ್ದಿ ಹೇಳಿದಳು. ಆ ಕಡೆಯಿಂದ ಮೊದಲು ಬಂದ ಮಾತು ನಮಗೆಲ್ಲ ಕೇಳಿಸಿತು: ‘ಸ್ವೆಟರ್ ಹಾಕ್ಕೋಬಾರದಾಗಿತ್ತೇನ್?’

32
ಇಲ್ಲಿಯೇ ಮದುವೆಯನ್ನೂ ಮಾಡಿಸಿಬಿಡಬಹುದೇ ಎಂದು ಗೆಳೆಯ ಕ್ಯಾಪ್ಟನ್‌ನನ್ನು ಕೇಳಿದ. ಹಡಗಿನ ಕ್ಯಾಪ್ಟನ್‌ಗೆ ಮದುವೆ ಮಾಡಿಸುವ ಅಧಿಕಾರವಿದೆ ಎಂಬ ನಂಬಿಕೆ ಹಳೆಯದು. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಕ್ಯಾಪ್ಟನ್ ಆದ ಮಾತ್ರಕ್ಕೆ ಆ ಅಧಿಕಾರ ಬರುವುದಿಲ್ಲ.

33
ಮನೆಯಲ್ಲಿ ಸೊಸೆ ಚಿತ್ರಗಳನ್ನು ಆರಿಸಲು ಕೂತಳು. ಹಾಯಿದೋಣಿ ವಾಲಿಯೇ ಸಾಗುತ್ತದೆ. ಸಮುದ್ರವನ್ನು ನೇರ ಮಾಡಿದರೆ ಜನ ವಾಲುತ್ತಾರೆ. ಜನರನ್ನು ನೇರ ಮಾಡಿದರೆ ಸಮುದ್ರ ವಾಲುತ್ತದೆ. ಅವಳು ಸಮುದ್ರವನ್ನು ವಾಲಿಸಿದಳು. ದುಡ್ಡು ಕೊಟ್ಟವರು ಜನ ಎಂದಳು.

34
ಮೊಣಕಾಲೂರುವ ಮೊದಲಿನ ಚಿತ್ರಗಳನ್ನೂ ಒಂದೊಂದಾಗಿ ನೋಡಿದೆವು. ಒಂದರಲ್ಲಿ ಹುಡುಗನ ಕೈ ಜೇಬಿನೊಳಗೆ ಹೋಗುತ್ತಿದೆ. ಹುಡುಗಿ ಸೆರಗಿಲ್ಲದ ಹೆಗಲನ್ನು ಸರಿಮಾಡಿಕೊಂಡು, ಕೂದಲು ಕಿವಿಯ ಹಿಂದೆ ಸಿಕ್ಕಿಸಿ, ನೇರವಾಗಿ ಕ್ಯಾಮೆರಾ ನೋಡುತ್ತಿದ್ದಾಳೆ. ಸೊಸೆ ಅದನ್ನು ದೊಡ್ಡದು ಮಾಡಿ ನೋಡಿದಳು. ಕೊಡುವ ಚಿತ್ರಗಳ ಜೊತೆಗೆ ಸೇರಿಸಲಿಲ್ಲ. ಅಳಿಸಲೂ ಇಲ್ಲ.

35
ಉಂಗುರವನ್ನು ಈಗ ತೆಗೆದಿಡಬೇಕಂತೆ. ಹುಬ್ಬಳ್ಳಿಯಲ್ಲಿ ನಿಶ್ಚಿತಾರ್ಥ ಆಗಬೇಕು, ಅಲ್ಲಿ ಹಿರಿಯರ ಮುಂದೆ ಅದನ್ನೇ ಮತ್ತೆ ತೊಡಿಸುವುದು. ಅಲ್ಲಿಯ ಫೋಟೋಗ್ರಾಫರ್ ಸೊಸೆಗೆ ಸಂದೇಶ ಕಳಿಸಿದ್ದಾನೆ: ‘ಮೇಡಂ, ದೋಣಿ ಫೋಟೋ ಕಳಿಸ್ರಿ. ಉಂಗುರ ತೊಡಸೋ ಹೊತ್ತಿಗೆ ಹಿಂದ ಎಲ್‌ಇಡಿ ಪರದೆ ಮ್ಯಾಲ ಹಾಕ್ತೇವಿ. ಹುಡುಗಿಗೆ ಹೇಳಬ್ಯಾಡ್ರಿ, ಸರ್‌ಪ್ರೈಸ್ ಐತಿ.’